ಬುದ್ಧಿ ಹೇಳುವುದು ಆಪ್ತಸಮಾಲೋಚನೆಯಲ್ಲ

"ಮಾಸ್ತರಾದವನು ಹುಟ್ಟಾ ಆಪ್ತಸಮಾಲೋಚಕ" ಎಂದು ನನ್ನ ಬೀಳ್ಕೊಡುಗೆಯ ದಿನ ಒಬ್ಬರು ಭಾಷಣ ಮಾಡಿದರು. ಶಾಲು ಹೊದ್ದು ಕುಳಿತಿದ್ದ ನಾನು ಕೇಳಿ ಹಿಗ್ಗಿದೆ. ಇಂದು ಆ ಮಾತನ್ನು ವಿರೋಧಿಸಲೆಂದೇ ಈ ಬರಹ. ಹಳೆಯ ಸಹೋದ್ಯೋಗಿಗಳು ಮುನಿದರೆ ಮುನಿಯಲಿ.

ನವಲಗುಂದದ ಎರೆ ಸೀಮೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನಾನು ನಿವೃತ್ತಿಯ ತರುವಾಯ ಆಪ್ತಸಮಾಲೋಚನೆಯ ತರಬೇತಿಗೆ ಸೇರಿದ್ದು, ನಿಜ ಹೇಳಬೇಕೆಂದರೆ, ಕಲಿಯಲಿಕ್ಕಲ್ಲ. ಗೊತ್ತಿದ್ದುದಕ್ಕೆ ಒಂದು ಪ್ರಮಾಣಪತ್ರ ಪಡೆಯಲಿಕ್ಕೆ. ಮೊದಲ ದಿನ ಜೋಡಿಯಾಗಿ ಕುಳ್ಳಿರಿಸಿ, ಒಬ್ಬರು ಕಷ್ಟ ಹೇಳಿಕೊಳ್ಳಬೇಕು, ಮತ್ತೊಬ್ಬರು ಐದು ನಿಮಿಷ ಆಲಿಸಬೇಕು ಎಂದರು. ನನ್ನೆದುರು ಕುಂದಗೋಳ ಕಡೆಯ ಅಂಗನವಾಡಿ ಕಾರ್ಯಕರ್ತೆ. ಎರಡನೆಯ ನಿಮಿಷಕ್ಕೆ ನಾನು ಪರಿಹಾರ ಸೂಚಿಸಿದ್ದೆ. ಮೂರನೆಯದಕ್ಕೆ ಒಂದು ವಚನವನ್ನೂ ಹೇಳಿದ್ದೆ. ಆಕೆ ನಕ್ಕು, "ಸರ್, ನಾ ಇನ್ನೂ ಹೇಳೇ ಇಲ್ರಿ" ಎಂದಳು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಒಬ್ಬ ಹುಡುಗ ನೆನಪಾದ. ಹಿಂಗಾರಿ ಕಡಲೆ ಕೈಕೊಟ್ಟ ವರ್ಷ ಅದು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿತ್ತು. ಸಂಜೆ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತ. ಸೋತು ಗೆದ್ದ ಮಹನೀಯರ ಹೆಸರುಗಳನ್ನು ಅರ್ಧ ತಾಸು ಹೇಳಿ ಅವನಿಗೆ ಧೈರ್ಯ ತುಂಬಿದೆ, ತುಂಬಿದೆನೆಂದು ಭಾವಿಸಿದೆ. "ಹೂಂ ರಿ ಸರ್" ಎನ್ನುತ್ತಲೇ ಎದ್ದು ಹೋದ. ಮರುವಾರ ಗೋವೆಗೆ ಕೂಲಿಗೆ ಹೋದನೆಂದು ಕೇಳಿದೆ. ಅವನು ಹೇಳಲು ಬಂದದ್ದು ಅಂಕಗಳ ವಿಷಯವೇ ಆಗಿತ್ತೇ? ನಾನು ಕೇಳಲೇ ಇಲ್ಲ.

ಉತ್ತರ ಮೊದಲೇ ಗೊತ್ತಿದ್ದು ಪ್ರಶ್ನೆ ಕೇಳುವುದು ನಮ್ಮ ವೃತ್ತಿ. ಅಂಕವೂ ಶಿಕ್ಷೆಯೂ ನಮ್ಮ ಕೈಯಲ್ಲೇ ಇರುತ್ತವೆ. ಇನ್ನು ಗುಟ್ಟಿನ ಮಾತು! ಚಹಾದ ವೇಳೆಗೆ ಯಾವ ಮಗುವಿನ ಮನೆಯ ಸಂಗತಿಯನ್ನು ನಾವು ಆಡಿಕೊಂಡಿಲ್ಲ? ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940ರ ದಶಕದಲ್ಲಿಯೇ ಉಪದೇಶವನ್ನು ಬದಿಗಿರಿಸಿ, ಬಂದವರನ್ನು ತೂಗಿನೋಡದೆ ಆಲಿಸುವ ಪದ್ಧತಿಯನ್ನು ಮುಂದಿಟ್ಟರು. ನಮ್ಮ ಶಾಲೆಗಳಲ್ಲಾದರೋ ಒಂದು ದಿನದ ಕಾರ್ಯಾಗಾರಕ್ಕೆ ಹೋಗಿಬಂದವನ ಹೆಸರಿನ ಮುಂದೆ ಆಪ್ತಸಮಾಲೋಚಕನೆಂದು ಬರೆದುಬಿಟ್ಟರೆ ಕೆಲಸ ಮುಗಿಯಿತು.

"ಹಾಗಾದರೆ ಹಳ್ಳಿಗೊಬ್ಬ ಮನೋವೈದ್ಯ ಎಲ್ಲಿಂದ ಬರಬೇಕು?" ಎಂದು ನೀವು ಕೇಳಬಹುದು. ವೈದ್ಯರೇ ಆಗಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಜನರಿಗೂ ಈ ವಿದ್ಯೆಯನ್ನು ಕಲಿಸಿದವರು. ಕನ್ನಡದಲ್ಲಿ ಬರೆದೂ ಬರೆದವರು. ಕಲಿಯಬಹುದು, ಆದರೆ ಕಲಿಯಬೇಕು. ತನ್ನ ಮಿತಿಯನ್ನೂ ಅರಿಯಬೇಕು. ಮೂರು ವಾರ ನಿದ್ದೆಯಿಲ್ಲದ, ಬದುಕು ಬೇಡವೆನ್ನುವ ಮಗುವನ್ನು ನಾನು ಇಟ್ಟುಕೊಳ್ಳುವುದಿಲ್ಲ. ತಾಯಿತಂದೆಯರೊಡನೆ ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯುತ್ತೇನೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಎಲ್ಲ ಮಕ್ಕಳಿಗೂ ಬರೆಸುತ್ತೇನೆ. ಕನ್ನಡದಲ್ಲಿಯೇ ಮಾತಾಡಬಹುದು, ಹಣ ಬೇಕಿಲ್ಲ.

ಈಗ ಶಾಲೆಯವರು ಕರೆದರೆ ಹೋಗುತ್ತೇನೆ. (ಮನೆಯಲ್ಲಿ ಮಾತ್ರ ಇನ್ನೂ ಕೇಳಿಸಿಕೊಳ್ಳಲು ಕಲಿತಿಲ್ಲವೆಂಬುದು ನಮ್ಮವರ ದೂರು.) ನನ್ನ ಷರತ್ತು ಇಷ್ಟೇ: ಕೋಣೆಯಲ್ಲಿ ಬೇರೆ ಶಿಕ್ಷಕರು ಕೂಡಬಾರದು, ಮಗುವಿನ ಪ್ರಾಣಕ್ಕೆ ಅಪಾಯವಿದ್ದರೆ ಹೊರತು, ಅದು ಹೇಳಿದ್ದನ್ನು ನನ್ನಿಂದ ಕೇಳಬಾರದು. ಎರಡು ಶಾಲೆಗಳವರು ಒಪ್ಪಿದ್ದಾರೆ. ಮೂರನೆಯವರು, "ಹಂಗಾರ ನಮಗೇನು ಗೊತ್ತಾಗತೈತ್ರಿ?" ಎಂದು ಕೇಳಿ ಕಳಿಸಿದರು.