ಬೆರಳ ತುದಿಯ ಕಥನ

ವಿಡಿಯೋ ಗೇಮುಗಳನ್ನು ಆಧರಿಸಿದ ಚಲನಚಿತ್ರಗಳೂ ಧಾರಾವಾಹಿಗಳೂ ಒಂದರ ಹಿಂದೊಂದು ತೆರೆಕಾಣುತ್ತಿರುವ ಈ ಕಾಲದಲ್ಲಿ, ಅವುಗಳ ಗುಣದೋಷಗಳನ್ನು ಕುರಿತ ಚರ್ಚೆಯು ಬಹುಮಟ್ಟಿಗೆ ಮೂಲದ ಕಥೆಗೆ ಚಿತ್ರವು ನಿಷ್ಠವಾಗಿದೆಯೇ, ಯಾವ ಪ್ರಸಂಗವನ್ನು ಬಿಟ್ಟರು, ಯಾವುದನ್ನು ಸೇರಿಸಿದರು ಎಂಬಲ್ಲಿಗೇ ನಿಂತುಬಿಡುತ್ತದೆ. ಬಾಲ್ಯದಿಂದಲೂ ಈ ಆಟಗಳನ್ನು ಪ್ರೀತಿಸುತ್ತ ಬಂದಿರುವ ನನಗೆ ಈ ಪರೀಕ್ಷೆ ಅಪೂರ್ಣವೆಂದು ತೋರುತ್ತದೆ. ಆಟದ ಕಥೆಯ ಅರ್ಧಭಾಗ ಪರದೆಯ ಮೇಲೆ ನಡೆದರೆ ಉಳಿದರ್ಧ ಆಟಗಾರನ ಕೈಯಲ್ಲಿ, ಅವನು ಒತ್ತುವ ಗುಂಡಿಯಲ್ಲಿ, ಒತ್ತಿ ಹಿಡಿಯುವ ಅಥವಾ ಸಡಿಲಿಸುವ ಬೆರಳಿನಲ್ಲಿ ನಡೆಯುತ್ತದೆ. ಈ ಅರ್ಧವನ್ನು ಗಣನೆಗೆ ತೆಗೆದುಕೊಳ್ಳದೆ ಕಥಾವಸ್ತುವನ್ನಷ್ಟೇ ಎತ್ತಿಕೊಂಡು ಹೋದ ರೂಪಾಂತರವು, ಎಷ್ಟು ನಿಷ್ಠೆಯಿಂದ ಕೂಡಿದ್ದರೂ, ಮೂಲದ ಪ್ರಾಣವನ್ನು ಹಿಂದೆಯೇ ಬಿಟ್ಟು ಹೋದಂತೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

2001ರಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ ಜಪಾನಿನ ಫುಮಿತೊ ಉಯೆದ ಅವರು ನಿರ್ದೇಶಿಸಿದ ‘ಇಕೊ’ ಎಂಬ ಆಟದ ಕಥೆ ಬಹಳ ಚಿಕ್ಕದು. ತಲೆಯಲ್ಲಿ ಕೊಂಬು ಮೂಡಿತೆಂಬ ಕಾರಣಕ್ಕೆ ಊರವರಿಂದ ನಿರ್ಜನವಾದ ಕೋಟೆಯೊಂದರಲ್ಲಿ ಬಂಧಿತನಾದ ಬಾಲಕನು, ಅಲ್ಲಿಯೇ ಸೆರೆಯಲ್ಲಿರುವ ಯೋರ್ದಾ ಎಂಬ ಕನ್ಯೆಯನ್ನು ಬಿಡಿಸಿಕೊಂಡು ಪಾರಾಗಬೇಕು; ಒಬ್ಬರ ನುಡಿ ಇನ್ನೊಬ್ಬರಿಗೆ ತಿಳಿಯದು. ಕಂಟ್ರೋಲರಿನ ಬಲಗಡೆಯ ಆರ್1 ಎಂಬ ಗುಂಡಿಯನ್ನು ಆಟಗಾರನು ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಬಾಲಕನು ಆಕೆಯ ಕೈಯನ್ನು ಹಿಡಿದಿರುತ್ತಾನೆ; ಬೆರಳು ಸಡಿಲಿದೊಡನೆ ಆ ಕೈಯೂ ಬಿಟ್ಟುಹೋಗುತ್ತದೆ, ಆಕೆಯನ್ನು ಒಂಟಿಯಾಗಿ ಬಿಟ್ಟು ದೂರ ಸರಿದರೆ ನೆರಳಿನಂಥ ಭೂತಗಳು ಬಂದು ಎಳೆದೊಯ್ಯುತ್ತವೆ. ಹೊಣೆಗಾರಿಕೆಯೆಂಬ ಭಾವವನ್ನು ಸಂಭಾಷಣೆಯ ನೆರವಿಲ್ಲದೆ ಒಂದು ಬೆರಳಿನ ಆಯಾಸದಲ್ಲಿ ನೆಲೆಗೊಳಿಸಿದ ಈ ಕಲ್ಪನೆಗೆ, ಉತ್ತಮ ಕಾವ್ಯಕ್ಕೆ ಸಲ್ಲುವ ಗೌರವವೇ ಸಲ್ಲಬೇಕೆಂದು ನಾನು ಬಗೆಯುತ್ತೇನೆ.

ಅದೇ ನಿರ್ದೇಶಕರ 2005ರ ‘ಶ್ಯಾಡೋ ಆಫ್ ದ ಕೊಲೊಸಸ್’ನಲ್ಲಿ ಅದೇ ಗುಂಡಿ ಕಹಿಯಾದ ಇನ್ನೊಂದು ಕಾರ್ಯಕ್ಕೆ ಒದಗುತ್ತದೆ. ಮೃತಳಾದ ಕನ್ಯೆಯೊಬ್ಬಳಿಗೆ ಮತ್ತೆ ಜೀವ ಬರಿಸುವ ಹಂಬಲದಿಂದ ತರುಣನು 16 ಮಹಾಕಾಯ ಜೀವಿಗಳನ್ನು ಒಂದೊಂದಾಗಿ ಕೊಲ್ಲಬೇಕಾಗಿರುತ್ತದೆ. ಕೊಡವಿಕೊಳ್ಳುವ ಆ ಪ್ರಾಣಿಯ ರೋಮವನ್ನು ಹಿಡಿದು ನೇತಾಡುವುದು ಆರ್1 ಗುಂಡಿಯ ಕೆಲಸ, ತೋಳಿನ ಬಲವಾದರೋ ಕ್ಷಣಕ್ಷಣಕ್ಕೂ ಕುಗ್ಗುತ್ತಿರುತ್ತದೆ. ತನ್ನ ಪಾಡಿಗೆ ತಾನಿದ್ದ ಜೀವಿಯೊಂದನ್ನು ನಾವೇ ಕಾಡಿ ಕೆಡಹಿದ ತರುವಾಯ ಕೇಳಿಬರುವುದು ಶೋಕದ ಸಂಗೀತ. ಈ ಆಟದ ಅಗ್ರೊ ಎಂಬ ಕುದುರೆ ಹೇಳಿದೊಡನೆ ತಿರುಗದೆಂದು ಆಕ್ಷೇಪಿಸಿದವರುಂಟು. ಕಡಿವಾಣವನ್ನೆಳೆದ ಸವಾರನ ಇಚ್ಛೆಗೂ ಅದನ್ನು ಕೇಳಿ ತನ್ನ ಹೆಜ್ಜೆಯನ್ನು ತಾನೇ ಆರಿಸಿಕೊಳ್ಳುವ ಪ್ರಾಣಿಯ ಇಚ್ಛೆಗೂ ನಡುವೆ ಇರುವ ಅಂತರವೇ ಅಲ್ಲವೆ, ಕೊನೆಕೊನೆಗೆ ಆ ಅಗ್ರೊವನ್ನು ನಮಗೆ ಒಡನಾಡಿಯನ್ನಾಗಿ ಮಾಡುವುದು?

ಈ ಮಾರ್ಗದ ಅತ್ಯಂತ ಪರಿಪೂರ್ಣವಾದ ಕೃತಿಯೆಂದು ನಾನು ಎಣಿಸುವುದು 2013ರ ‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’ ಎಂಬುದನ್ನು. ಇದರ ನಿರ್ದೇಶಕರಾದ ಸ್ವೀಡನ್ನಿನ ಯೋಸೆಫ್ ಫಾರೆಸ್ ಅವರು ಮೂಲತಃ ಚಲನಚಿತ್ರ ನಿರ್ದೇಶಕರೆಂಬುದು ಗಮನಾರ್ಹ. ಚಿತ್ರದಲ್ಲಿ ಮಾಡಲಾರದ್ದು ಏನೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ರೋಗಪೀಡಿತನಾದ ತಂದೆಗೆ ಔಷಧ ತರಲು ಹೊರಟ ಅಣ್ಣತಮ್ಮಂದಿರಲ್ಲಿ ಅಣ್ಣನು ಆಟಗಾರನ ಎಡಗೈಯಲ್ಲಿಯೂ ತಮ್ಮನು ಬಲಗೈಯಲ್ಲಿಯೂ ಇರುತ್ತಾರೆ: ಒಂದೇ ಕಂಟ್ರೋಲರಿನ ಎರಡು ಕಡ್ಡಿಗಳು, ಎರಡು ಗುಂಡಿಗಳು. ತಾಯಿ ನೀರಿನಲ್ಲಿ ಮುಳುಗಿ ಸತ್ತುದನ್ನು ಕಂಡ ತಮ್ಮನಿಗೆ ಈಜಲು ಭಯ; ನೀರು ಬಂದಲ್ಲೆಲ್ಲ ಅವನು ಅಣ್ಣನ ಬೆನ್ನನ್ನು ಹಿಡಿದು ದಾಟುತ್ತಾನೆ. ದಾರಿಯಲ್ಲಿ ಅಣ್ಣ ತೀರಿಕೊಳ್ಳುತ್ತಾನೆ, ಆಟಗಾರನ ಎಡಗೈಗೆ ಕೆಲಸವಿಲ್ಲದಂತಾಗುತ್ತದೆ. ಮರಳಿ ಬರುವಾಗ ಊರಿನ ಸಮೀಪದಲ್ಲಿ ನೀರು ಅಡ್ಡಬಂದು, ತಮ್ಮನ ಗುಂಡಿಯನ್ನು ಎಷ್ಟು ಒತ್ತಿದರೂ ಅವನು ದಡದಲ್ಲಿಯೇ ನಿಂತಿರಲು, ಆಟಗಾರನು ಬೇರೆ ದಾರಿ ಕಾಣದೆ ಅಣ್ಣನದಾಗಿದ್ದ ಎಡಗಡೆಯ ಗುಂಡಿಯನ್ನು ಒತ್ತುತ್ತಾನೆ. ಆಗ ತಮ್ಮನು ಈಜತೊಡಗುತ್ತಾನೆ. ಅಣ್ಣನ ಧೈರ್ಯವು ತಮ್ಮನಲ್ಲಿ ಸಂಕ್ರಮಿಸಿತೆಂಬ ಮಾತನ್ನು ಯಾರೂ ಹೇಳುವುದಿಲ್ಲ, ಯಾವ ದೃಶ್ಯವೂ ತೋರಿಸುವುದಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದ ಎಡಗೈಗೆ ಅದು ತಾನಾಗಿ ತಿಳಿಯುತ್ತದೆ. ಅಂತ್ಯವನ್ನು ಬಯಲು ಮಾಡಿದೆನೆಂದು ಓದುಗರು ನೊಂದುಕೊಳ್ಳಬೇಕಾಗಿಲ್ಲ. ಆ ಗುಂಡಿಯನ್ನು ಒತ್ತಿದವನಿಗೆ ಆಗುವ ಅನುಭವವನ್ನು ಈ ನನ್ನ ವಿವರಣೆ ಕಿಂಚಿತ್ತೂ ಕೊಟ್ಟಿಲ್ಲ.

ಗುಂಡಿಯಿದ್ದ ಮಾತ್ರಕ್ಕೆ ಅರ್ಥವೂ ಇರುವುದೆಂದು ನಾನು ಹೇಳುತ್ತಿಲ್ಲ. 2014ರ ‘ಕಾಲ್ ಆಫ್ ಡ್ಯೂಟಿ: ಅಡ್ವಾನ್ಸ್ಡ್ ವಾರ್‌ಫೇರ್’ನಲ್ಲಿ ಹತನಾದ ಗೆಳೆಯನ ಶವಪೆಟ್ಟಿಗೆಯ ಮುಂದೆ, ಗೌರವ ಸಲ್ಲಿಸಲು ಇಂಥ ಗುಂಡಿಯನ್ನು ಒತ್ತಿರೆಂದು ಪರದೆಯ ಮೇಲೆ ಅಕ್ಷರಗಳು ಮೂಡುತ್ತವೆ. ಲೋಕವೆಲ್ಲ ಅದನ್ನು ಪರಿಹಾಸ್ಯ ಮಾಡಿದುದು ನ್ಯಾಯವೇ ಆಗಿದ್ದಿತು. ಆ ಗುಂಡಿಗೆ ಹಿಂದಿನ ಪರಿಚಯವಾಗಲಿ ಮುಂದಿನ ಪರಿಣಾಮವಾಗಲಿ ಇರಲಿಲ್ಲ.

ಇನ್ನು ಪರದೆಯ ಮಾತು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಸಾರವೆಲ್ಲ ಒಂದು ನೆಗೆತದಲ್ಲಿದೆ: ಗುಂಡಿಯನ್ನು ದೀರ್ಘವಾಗಿ ಒತ್ತಿದರೆ ಎತ್ತರಕ್ಕೆ, ತಟ್ಟಿಬಿಟ್ಟರೆ ಗಿಡ್ಡಗೆ. 1993ರ ಚಿತ್ರವು ಆ ಲೋಕವನ್ನೇ ಅರಿಯದೆ ಸೋತಿತು. 2023ರ ಆ್ಯನಿಮೇಷನ್ ಚಿತ್ರವು ಆ ಲೋಕದ ಬಣ್ಣಗಳನ್ನೆಲ್ಲ ಪ್ರೀತಿಯಿಂದ ತಂದು 130 ಕೋಟಿ ಡಾಲರಿಗೂ ಮಿಗಿಲಾಗಿ ಗಳಿಸಿತು. ಆದರೂ ಕಂಡ ನೆಗೆತ ಬೇರೆ, ನೆಗೆದ ನೆಗೆತ ಬೇರೆ.

ಈ ಅಂತರವನ್ನು ಸ್ಪಷ್ಟವಾಗಿ ತೋರಿಸುವುದು ‘ದ ಲಾಸ್ಟ್ ಆಫ್ ಅಸ್’. 2013ರ ಆ ಆಟದ ಕೊನೆಯಲ್ಲಿ, ಎಲ್ಲಿ ಎಂಬ ಬಾಲಿಕೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಜೋಯೆಲ್‌ ಎಂಬ ಕಥಾನಾಯಕನು ಶಸ್ತ್ರಚಿಕಿತ್ಸೆಯ ಕೊಠಡಿಯನ್ನು ಹೊಕ್ಕಾಗ, ಎದುರಿಗೆ ನಿಂತ ವೈದ್ಯನನ್ನು ಕೊಲ್ಲದೆ ಆಟ ಮುಂದುವರಿಯುವುದಿಲ್ಲ. ಒಪ್ಪಿಗೆಯಿಲ್ಲದ ಆಟಗಾರನೂ ತನ್ನ ಬೆರಳಿನಿಂದಲೇ ಆ ಕೃತ್ಯವನ್ನೆಸಗಬೇಕು. ಕ್ರೇಗ್ ಮೇಜಿನ್ ಮತ್ತು ನೀಲ್ ಡ್ರಕ್‌ಮನ್ ಅವರು 2023ರಲ್ಲಿ ಎಚ್‌ಬಿಒ ವಾಹಿನಿಗಾಗಿ ರಚಿಸಿದ ಧಾರಾವಾಹಿಯಲ್ಲಿ ಈ ಪ್ರಸಂಗ ಯಥಾವತ್ತಾಗಿ ಬಂದಿದೆ, ಪೆಡ್ರೊ ಪಾಸ್ಕಲ್ ಅವರ ಅಭಿನಯವೂ ಉತ್ಕೃಷ್ಟವಾಗಿದೆ. ಆದರೆ ನಾವು ಅಲ್ಲಿ ಸಾಕ್ಷಿಗಳಷ್ಟೇ, ಭಾಗಿಗಳಲ್ಲ. ಅದೇ ಧಾರಾವಾಹಿಯ ಮೂರನೆಯ ಸಂಚಿಕೆಯಾದರೋ ಮೂಲವನ್ನು ಧೈರ್ಯವಾಗಿ ತೊರೆಯಿತು. ಆಟದಲ್ಲಿ ಫ್ರಾಂಕ್ ಎಂಬುವನು ನಾವು ಕಾಣುವ ವೇಳೆಗೆ ನೇಣುಹಾಕಿಕೊಂಡು ಸತ್ತಿರುತ್ತಾನೆ, ತನ್ನ ಜೊತೆಗಾರನಾಗಿದ್ದ ಬಿಲ್‌ನ ಮೇಲಿನ ಕಹಿಯನ್ನು ಕಾರುವ ಒಂದು ಪತ್ರವನ್ನಷ್ಟೇ ಬಿಟ್ಟು ಹೋಗಿರುತ್ತಾನೆ. ಧಾರಾವಾಹಿಯಾದರೆ ಅವರಿಬ್ಬರ ಹಲವು ವರ್ಷಗಳ ದಾಂಪತ್ಯವನ್ನೇ ಕಣ್ಮುಂದೆ ಹರಡಿತು. ಕೈಯಿಂದ ಕಳೆದುದಕ್ಕೆ ಪ್ರತಿಯಾಗಿ ಕಾಲವನ್ನೂ ಮುಖಗಳನ್ನೂ ಕೊಟ್ಟ ಆ ಸಂಚಿಕೆಯನ್ನು ನಿಷ್ಠೆಯ ಹೆಸರಿನಲ್ಲಿ ಹಳಿದವರೊಡನೆ ನಾನು ಸೇರಲಾರೆ. ಕನ್ನಡಿಗರಿಗೆ ಈ ಸಮಸ್ಯೆ ಅಪರಿಚಿತವಲ್ಲ: ‘ಸಂಸ್ಕಾರ’ ಕಾದಂಬರಿ 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರಿಂದ ಚಿತ್ರವಾದಾಗ, ಪ್ರಾಣೇಶಾಚಾರ್ಯರ ಅಂತರಂಗದ ಮಂಥನವನ್ನು ಗಿರೀಶ ಕಾರ್ನಾಡರ ಮುಖವೇ ಹೊರಬೇಕಾಯಿತು. ಮಾಧ್ಯಮ ಬದಲಾದಾಗ ಹೊಸ ಅಂಗವೊಂದು ಆ ಭಾರವನ್ನು ಹೊರಲೇಬೇಕು. 2024ರ ‘ಫಾಲ್ಔಟ್’ ಧಾರಾವಾಹಿಯು ಆಟದ ಲೋಕವನ್ನು ಉಳಿಸಿಕೊಂಡು ಹೊಸ ಪಾತ್ರಗಳಿಗೆ ಹೊಸ ಕಥೆಯನ್ನೇ ಹೆಣೆದುದು ಇದೇ ವಿವೇಕದಿಂದ.

ಕೈಗೆ ಇಷ್ಟು ಮಹತ್ತ್ವವನ್ನು ಕೊಡುವಾಗ, ಬೆರಳುಗಳು ಸ್ವಾಧೀನದಲ್ಲಿಲ್ಲದವರ ಗತಿಯೇನೆಂಬ ಪ್ರಶ್ನೆಯನ್ನು ಬದಿಗೊತ್ತಲಾಗದು. 2020ರಲ್ಲಿ ‘ದ ಲಾಸ್ಟ್ ಆಫ್ ಅಸ್’ನ ಎರಡನೆಯ ಭಾಗವು ಇಂಥವರೂ ಸೇರಿದಂತೆ ಅಂಗವೈಕಲ್ಯವುಳ್ಳವರ ಅನುಕೂಲಕ್ಕಾಗಿ 60ಕ್ಕೂ ಹೆಚ್ಚು ಆಯ್ಕೆಗಳನ್ನು ಒದಗಿಸಿತು, ಯಾವ ಗುಂಡಿಗೆ ಯಾವ ಕೆಲಸವೆಂಬುದನ್ನೂ ಆಟಗಾರನೇ ನಿಯಮಿಸಿಕೊಳ್ಳಬಹುದು. ಇದರಿಂದ ಕಲೆ ಕೆಡುವುದೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಪ್ರತಿಯೊಂದು ಆಟದಲ್ಲಿಯೂ ಈ ಸೌಕರ್ಯ ಇರತಕ್ಕದ್ದು.

ಧಾರಾವಾಹಿಯನ್ನಷ್ಟೇ ನೋಡಿ ಈ ಕಲೆಯನ್ನು ತೂಗಿದ ಓದುಗರಲ್ಲಿ ನನ್ನದೊಂದು ವಿನಂತಿ: ಒಂದು ಆಟವನ್ನಾದರೂ ಸ್ವತಃ ಆಡಿ ನೋಡಿರಿ. ‘ಬ್ರದರ್ಸ್’ ಒಂದೇ ಸಂಜೆಯಲ್ಲಿ ಮುಗಿಯುವಷ್ಟು ಚಿಕ್ಕದು, ಅದರ ಪಾತ್ರಗಳು ಆಡುವುದು ಕಲ್ಪಿತವಾದ ನುಡಿಯನ್ನು. ಆದಕಾರಣ ಕಥೆಯನ್ನು ಅರಿಯಲು ಇಂಗ್ಲಿಷ್ ಬರಬೇಕೆಂಬ ನಿರ್ಬಂಧವೂ ಇಲ್ಲ.