ಬಾಗಿಲು ತೆರೆದ ದಿನಗಳ ಲೆಕ್ಕ

ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ ಒಂದು ಸರಳ ಪ್ರಯೋಗವಿದೆ. ಎರಡು ಕುಂಡಗಳಲ್ಲಿ ಒಂದೇ ಬಗೆಯ ಮಣ್ಣು ತುಂಬಿ, ಒಂದೇ ಬಗೆಯ ಹುರುಳಿ ಬಿತ್ತಿ, ಒಂದೇ ಅಳತೆಯ ನೀರು ಹಾಕಬೇಕು. ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಕತ್ತಲ ಕೋಣೆಯಲ್ಲಿ ಇಡಬೇಕು. ವಾರ ಕಳೆದ ಮೇಲೆ ಎರಡರ ನಡುವೆ ಕಾಣುವ ವ್ಯತ್ಯಾಸಕ್ಕೆ ಬೆಳಕೇ ಕಾರಣ ಎಂದು ವಿದ್ಯಾರ್ಥಿ ಧೈರ್ಯವಾಗಿ ಹೇಳಬಲ್ಲ. ಏಕೆಂದರೆ ಉಳಿದುದೆಲ್ಲ ಸಮನಾಗಿತ್ತು. ಕಿಟಕಿಯ ಬಳಿಯ ಕುಂಡ ಒಂದೇ ಇದ್ದಿದ್ದರೆ ಹಾಗೆ ಹೇಳಲು ಬರುತ್ತಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಈ ಪಾಠ ಮರೆತುಹೋಗುತ್ತದೆ. ಆದರೆ ಒಂದು ಯೋಜನೆಯಿಂದ ಜನರಿಗೆ ನಿಜವಾಗಿ ಉಪಯೋಗವಾಯಿತೇ ಎಂಬ ಪ್ರಶ್ನೆಗೂ ಇದೇ ಎರಡು ಕುಂಡಗಳ ನ್ಯಾಯ ಅನ್ವಯಿಸುತ್ತದೆ. ಇಷ್ಟು ಕೋಟಿ ಖರ್ಚಾಯಿತು, ಇಷ್ಟು ಕಟ್ಟಡಗಳು ಎದ್ದವು ಎಂಬ ವರದಿಗಳಿಗೆ ಕೊರತೆಯಿಲ್ಲ. ಆ ಕಟ್ಟಡದ ಬಾಗಿಲು ಎಷ್ಟು ದಿನ ತೆರೆದಿತ್ತು? ಯೋಜನೆ ಇಲ್ಲದ ಊರಿಗಿಂತ ಇದ್ದ ಊರು ಎಷ್ಟು ಮುಂದೆ ಹೋಯಿತು? ಈ ಲೆಕ್ಕ ಇಡುವವರು ಕಡಿಮೆ.

ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಈ ಲೆಕ್ಕ ಇಟ್ಟವರಿದ್ದಾರೆ. ಅಲ್ಲಿನ ಸೇವಾ ಮಂದಿರ ಎಂಬ ಸಂಸ್ಥೆ ಒಳನಾಡಿನ ಹಳ್ಳಿಗಳಲ್ಲಿ ಒಬ್ಬರೇ ಉಪಾಧ್ಯಾಯರಿರುವ ಶಾಲೆಗಳನ್ನು ನಡೆಸುತ್ತಿತ್ತು. ಒಬ್ಬರೇ ಉಪಾಧ್ಯಾಯರು ಎಂದ ಮೇಲೆ ಅವರು ಬಾರದ ದಿನ ಶಾಲೆಯೇ ಇಲ್ಲ. 2003ರಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಸಂಸ್ಥೆಯೊಡನೆ ಸೇರಿ ಒಂದು ಪ್ರಯೋಗಕ್ಕೆ ಇಳಿದರು. 113 ಶಾಲೆಗಳ ಪೈಕಿ ಚೀಟಿ ಎತ್ತಿದಂತೆ ಆರಿಸಿದ 57 ಶಾಲೆಗಳಿಗೆ ಒಂದೊಂದು ಕ್ಯಾಮೆರಾ ಕೊಟ್ಟರು. ದಿನದ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಶಾಲೆಯ ಮಗುವೇ ಉಪಾಧ್ಯಾಯರ ಮತ್ತು ತರಗತಿಯ ಚಿತ್ರ ತೆಗೆಯಬೇಕು. ಎರಡರ ನಡುವೆ ಕನಿಷ್ಠ 5 ಗಂಟೆ ಅಂತರವಿರಬೇಕು, ಚಿತ್ರದಲ್ಲಿ ಕನಿಷ್ಠ 8 ಮಕ್ಕಳಿರಬೇಕು. ದಿನಾಂಕ ಮತ್ತು ವೇಳೆ ಚಿತ್ರದ ಮೇಲೇ ಮೂಡುತ್ತಿದ್ದುದರಿಂದ ಸುಳ್ಳು ಹೇಳಲು ದಾರಿಯಿರಲಿಲ್ಲ. ತಿಂಗಳಿಗೆ 20 ದಿನ ಬಂದವರಿಗೆ 1000 ರೂಪಾಯಿ. ಹೆಚ್ಚು ಬಂದ ಪ್ರತಿ ದಿನಕ್ಕೆ 50 ರೂಪಾಯಿ ಸೇರ್ಪಡೆ, ಕಡಿಮೆಯಾದ ಪ್ರತಿ ದಿನಕ್ಕೆ ಅಷ್ಟೇ ಕಡಿತ. ಆದರೆ ಎಷ್ಟೇ ಕಡಿತವಾದರೂ 500 ರೂಪಾಯಿಗೆ ಮೋಸವಿಲ್ಲ. ಉಳಿದ 56 ಶಾಲೆಗಳಲ್ಲಿ ಹಳೆಯ ಪದ್ಧತಿಯಂತೆ ಎಲ್ಲರಿಗೂ 1000 ರೂಪಾಯಿ.

ಪರಿಣಾಮವೇನು? ಮುನ್ಸೂಚನೆ ಇಲ್ಲದೆ ಹೋಗಿ ನೋಡಿದಾಗ, ಕ್ಯಾಮೆರಾ ಇಲ್ಲದ ಶಾಲೆಗಳಲ್ಲಿ ಉಪಾಧ್ಯಾಯರ ಗೈರುಹಾಜರಿ ಶೇ. 42 ಇತ್ತು, ಕ್ಯಾಮೆರಾ ಇದ್ದ ಕಡೆ ಶೇ. 21. ಸರಿಯಾಗಿ ಅರ್ಧ! ವರ್ಷದೊಳಗೆ ಮಕ್ಕಳ ಅಂಕಗಳೂ ಏರಿದವು.

ಇಲ್ಲಿ ಪಾಲಕರು ಕೇಳಬಹುದಾದ ಪ್ರಶ್ನೆಯೊಂದಿದೆ: ಹುರುಳಿ ಗಿಡವನ್ನು ಕತ್ತಲಲ್ಲಿಡುವುದು ಸರಿ, ಆದರೆ ಆ 56 ಶಾಲೆಯ ಮಕ್ಕಳು ಮಾಡಿದ ತಪ್ಪೇನು? ಪ್ರಶ್ನೆ ನ್ಯಾಯವಾದದ್ದೇ. ಕ್ಯಾಮೆರಾದಿಂದ ಒಳ್ಳೆಯದಾಗುತ್ತದೆಂದು ಆಗ ಯಾರಿಗೂ ಖಚಿತವಿರಲಿಲ್ಲ ಎಂಬುದು ಇದಕ್ಕೆ ಉತ್ತರ. ಖಚಿತವಾದ ಮೇಲೆ ಸಂಸ್ಥೆ ತನ್ನ ಉಳಿದ ಶಾಲೆಗಳಿಗೂ ಅದನ್ನು ವಿಸ್ತರಿಸಿತು. ಪರೀಕ್ಷಿಸದೆ ಎಲ್ಲರಿಗೂ ಹಂಚಿದ ಯೋಜನೆ ನಿಷ್ಫಲವಾಗಿದ್ದರೆ, ಅದು ಯಾರ ಗಮನಕ್ಕೂ ಬಾರದೆ ವರ್ಷಗಟ್ಟಲೆ ನಡೆಯುತ್ತದೆ. ಆ ನಷ್ಟವೂ ಮಕ್ಕಳದೇ.

ಕಥೆ ಇಲ್ಲಿಗೇ ಮುಗಿದಿದ್ದರೆ ಯಂತ್ರ ತಂದಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಬಿಡಬಹುದಿತ್ತು. ಆದರೆ ಅದೇ ಜಿಲ್ಲೆಯಲ್ಲಿ ಸರ್ಕಾರಿ ಆರೋಗ್ಯ ಉಪಕೇಂದ್ರಗಳ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ವಾರ ವಾರ ಹೋಗಿ ನೋಡಿದಾಗ, ಕೆಲಸದ ವೇಳೆಯಲ್ಲೇ ಶೇ. 56ರಷ್ಟು ಸಲ ಅವುಗಳ ಬಾಗಿಲು ಮುಚ್ಚಿತ್ತು. ಕಂಕುಳಲ್ಲಿ ಜ್ವರದ ಕೂಸನ್ನು ಎತ್ತಿಕೊಂಡು ಮೈಲುಗಟ್ಟಲೆ ನಡೆದು ಬಂದ ತಾಯಿಗೆ ಬೀಗ ಕಂಡರೆ ಹೇಗಾದೀತು? ಎರಡು ಸಲ ಹಾಗಾದರೆ ಮೂರನೆಯ ಸಲ ಆಕೆ ಬರುವುದೇ ಇಲ್ಲ.

ಶಾಲೆಯಲ್ಲಿ ಗೆದ್ದ ಉಪಾಯವನ್ನೇ ದಾದಿಯರ ಹಾಜರಿಗೂ ಬಳಸಲಾಯಿತು. ದಿನಕ್ಕೆ ಮೂರು ಸಲ, ದಿನಾಂಕ ಮತ್ತು ವೇಳೆ ಒತ್ತುವ ಯಂತ್ರದಿಂದ ಮುದ್ರೆ. ಹಾಜರಿ ತೀರಾ ಕಡಿಮೆಯಾದರೆ ಸಂಬಳ ಕಡಿತ. ಮೊದಲ ಕೆಲವು ತಿಂಗಳು ಹಾಜರಿ ಚೆನ್ನಾಗಿಯೇ ಏರಿತು. ಆಮೇಲೆ ಮೇಲಧಿಕಾರಿಗಳು ‘ವಿನಾಯಿತಿ ದಿನ’ಗಳನ್ನು ಧಾರಾಳವಾಗಿ ಕೊಡತೊಡಗಿದರು. ಸಭೆ, ಸಮೀಕ್ಷೆ ಎಂದು ದಾದಿಯರಿಗೆ ಹೊರಗಿನ ಕೆಲಸ ಇರುವುದು ನಿಜ. ಆದರೆ ವಿನಾಯಿತಿ ಬೆಳೆಯುತ್ತ ಹೋಗಿ, 18 ತಿಂಗಳಾಗುವಷ್ಟರಲ್ಲಿ ಯೋಜನೆ ಪೂರ್ತಿ ನಿಷ್ಫಲವಾಯಿತು. ಯಂತ್ರ ಕೆಟ್ಟಿರಲಿಲ್ಲ, ಅದು ಹೇಳಿದ್ದನ್ನು ಕೇಳುವವರಿರಲಿಲ್ಲ. ಈ ಸೋಲನ್ನು ಮುಚ್ಚಿಡದೆ ಅಭಿಜಿತ್ ಬ್ಯಾನರ್ಜಿ, ಡುಫ್ಲೊ ಮತ್ತು ರಾಚೆಲ್ ಗ್ಲೆನರ್‌ಸ್ಟರ್ 2008ರಲ್ಲಿ ಪ್ರಕಟಿಸಿದರು. ಫಲಿಸದ ಪ್ರಯೋಗವನ್ನೂ ದಾಖಲಿಸುವುದೇ ವಿಜ್ಞಾನದ ಶಿಸ್ತು. ಬಡತನ ನಿವಾರಣೆಗೆ ಇಂಥ ಪ್ರಯೋಗಗಳ ಮಾರ್ಗ ಹಿಡಿದುದಕ್ಕಾಗಿ ಬ್ಯಾನರ್ಜಿ, ಡುಫ್ಲೊ ಮತ್ತು ಮೈಕೆಲ್ ಕ್ರೇಮರ್ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು.

ಕರ್ನಾಟಕವೂ ಈ ಹಾದಿಯಲ್ಲಿ ಹೆಜ್ಜೆ ಇಟ್ಟಿದೆ. ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಒಳಗೊಂಡ ಅಧ್ಯಯನದಲ್ಲಿ, ಕೆಲವು ಕೇಂದ್ರಗಳಿಗೆ ಮಾತ್ರ ಬೆರಳಚ್ಚಿನ ಹಾಜರಿ ಯಂತ್ರ ಕೊಟ್ಟು ಉಳಿದವುಗಳೊಡನೆ ಹೋಲಿಸಲಾಯಿತು. ದಾದಿಯರು, ಪ್ರಯೋಗಾಲಯದ ತಂತ್ರಜ್ಞರು, ಔಷಧ ವಿತರಕರ ಹಾಜರಿ ಹೆಚ್ಚಿತು. ವೈದ್ಯರ ಹಾಜರಿ ಹೆಚ್ಚಲಿಲ್ಲ. ಹಾಗಿದ್ದರೂ ಕಡಿಮೆ ತೂಕದ ಶಿಶುಗಳ ಜನನ ಇಳಿಯಿತು. ಗೈರುಹಾಜರಾದವರ ಮೇಲೆ ಕ್ರಮ ಕೈಗೊಳ್ಳುವ ಭಾಗ ಮಾತ್ರ ಇಲ್ಲಿಯೂ ಪೂರ್ಣವಾಗಿ ಜಾರಿಗೆ ಬರಲಿಲ್ಲ.

ಈ ಮೂರೂ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಅಳೆಯುವುದು ಅಗತ್ಯ, ಆದರೆ ಅಳತೆಗೆ ತಕ್ಕ ಕ್ರಮವಿಲ್ಲದಿದ್ದರೆ ಅದು ಗೋಡೆಯ ಮೇಲಿನ ನಿಂತ ಗಡಿಯಾರದಂತೆ.

ಇದಕ್ಕೆ ನೊಬೆಲ್ ಪಡೆದವರೇ ಬರಬೇಕೆಂದಿಲ್ಲ. ವಿದ್ಯಾರ್ಥಿಗಳು ಒಂದು ನೋಟ್‌ಬುಕ್ಕಿನಲ್ಲಿ ತಮ್ಮ ಊರಿನ ಗ್ರಂಥಾಲಯವೋ ಉಪಕೇಂದ್ರವೋ ತೆರೆದಿದ್ದ ದಿನಗಳನ್ನು ತಿಂಗಳ ಕಾಲ ಗುರುತಿಸಿಡಬಹುದು. ದಿನವೂ ಒಂದೇ ಹೊತ್ತಿಗೆ ಹೋಗದೆ ಬೇರೆ ಬೇರೆ ವೇಳೆಯಲ್ಲಿ ಹೋಗಬೇಕು. ಮುಚ್ಚಿದ್ದರೆ ಕಾರಣ ವಿಚಾರಿಸಿ ಅದನ್ನೂ ಬರೆಯಬೇಕು. ಪಕ್ಕದ ಊರಿನ ಗೆಳೆಯನೂ ಹಾಗೆಯೇ ಬರೆದಿಟ್ಟರೆ ಎರಡು ಕುಂಡಗಳು ಸಿದ್ಧವಾದಂತೆ. ಯಾರನ್ನೂ ದೂರದೆ ಆ ಪುಟವನ್ನು ಗ್ರಾಮಸಭೆಯಲ್ಲಿ ಓದುವ ಕೆಲಸವನ್ನು ಅಪ್ಪ ಅಮ್ಮಂದಿರು ಮಾಡಲಿ. ‘ಯಾವಾಗಲೂ ಮುಚ್ಚಿರುತ್ತದೆ’ ಎಂಬ ದೂರಿಗೆ ಉತ್ತರ ಕೊಡದೆ ಇರಬಹುದು. ‘26 ದಿನಗಳಲ್ಲಿ 11 ದಿನ ಮುಚ್ಚಿತ್ತು’ ಎಂಬ ಲೆಕ್ಕಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.