ಎದುರು ಕುಳಿತವನ ವಿವೇಚನೆ

ಇಸ್ಪೀಟು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಹಣ ಕಟ್ಟಿ ಆಡಿ ಮನೆಮಠ ಕಳೆದುಕೊಂಡವರ ಕಥೆ ಯಾವ ಊರಿನಲ್ಲಿ ಇಲ್ಲ? ಆದುದರಿಂದ ಕಾಲೇಜಿನ ಸಂಚಿಕೆಗೆ ಇಸ್ಪೀಟಿನ ವಿಷಯ ಬರೆಯಹೊರಟವನು ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಾನು ಹೇಳಹೊರಟಿರುವುದು ಬ್ರಿಡ್ಜ್ ಎಂಬ ಆಟವನ್ನು ಕುರಿತು. ಅದರಲ್ಲಿಯೂ, ಒಂದು ಕಾಸಿನ ಪಣವೂ ಇಲ್ಲದೆ, ಭಾನುವಾರದ ಮಧ್ಯಾಹ್ನ ಹಾಸ್ಟೆಲಿನ ವರಾಂಡದಲ್ಲಿ ನಾಲ್ವರು ಕುಳಿತು ಆಡುವ ಬ್ರಿಡ್ಜನ್ನು ಕುರಿತು. ಈ ಆಟದಲ್ಲಿ ಎಲೆಗಳಿಗಿಂತಲೂ ದೊಡ್ಡದಾದ ಒಂದು ಪ್ರಶ್ನೆಯಿದೆ. ಎದುರು ಕುಳಿತ ಜೊತೆಗಾರನ ವಿವೇಚನೆಯನ್ನು ನಾವು ಎಷ್ಟರಮಟ್ಟಿಗೆ ನಂಬಬೇಕು? ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ: ನಮ್ಮ ಕೈಯನ್ನು ಒಮ್ಮೆ ಸರಿಯಾಗಿ ತಿಳಿಸಿದ ಮೇಲೆ, ಅವನ ತೀರ್ಮಾನಕ್ಕೆ ನಾವು ತಲೆಬಾಗಬೇಕು.

ಆಟ ತಿಳಿಯದವರಿಗಾಗಿ ಎರಡು ಮಾತು. 52 ಎಲೆಗಳನ್ನು ನಾಲ್ವರಿಗೆ ತಲಾ 13ರಂತೆ ಹಂಚುತ್ತಾರೆ. ಎದುರುಬದುರು ಕುಳಿತ ಇಬ್ಬರು ಒಂದು ಜೋಡಿ. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಸುತ್ತು. ಅದನ್ನು ಗೆದ್ದವರಿಗೆ ಒಂದು ಟ್ರಿಕ್ಕು. ಆದರೆ ಎಲೆ ಇಳಿಸುವುದಕ್ಕೆ ಮೊದಲು ಹರಾಜು ನಡೆಯಬೇಕು. ಆರು ಟ್ರಿಕ್ಕುಗಳ ಮೇಲೆ ಇನ್ನೆಷ್ಟನ್ನು, ಯಾವ ತುರುಪಿನಲ್ಲಿ ಗೆಲ್ಲುತ್ತೇವೆಂದು ಸರದಿಯಂತೆ ಕೂಗಬೇಕು. ‘ಮೂರು ಹಾರ್ಟ್ಸ್’ ಎಂದರೆ, ನಾವು ಆಟೀನು ಎನ್ನುವುದನ್ನು ತುರುಪು ಮಾಡಿಕೊಂಡು ಒಂಬತ್ತು ಟ್ರಿಕ್ಕು ಗೆಲ್ಲುತ್ತೇವೆಂಬ ವಾಗ್ದಾನ. 1925ರಲ್ಲಿ ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ ಎಂಬವರು ಈ ಆಟದ ಲೆಕ್ಕವನ್ನು ಹೊಸದಾಗಿ ಕಟ್ಟಿದರು. ಅಂದಿನಿಂದ, ಕೂಗಿ ಗೆದ್ದ ಟ್ರಿಕ್ಕುಗಳು ಮಾತ್ರ ಆಟದ ಗುರಿಯ ಲೆಕ್ಕಕ್ಕೆ ಸೇರುತ್ತವೆ. ಕೂಗದೆ ಗೆದ್ದದ್ದಕ್ಕೆ ಸಣ್ಣ ಬಕ್ಷೀಸು ಅಷ್ಟೆ. ಹೀಗಾಗಿ ಹರಾಜೇ ಆಟದ ಜೀವಾಳವಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಇದು: ಇನ್ನೊಬ್ಬನ ಎಲೆಗಳನ್ನು ಯಾರೂ ನೋಡುವಂತಿಲ್ಲ. ಕಣ್ಣುಸನ್ನೆ, ಕೆಮ್ಮು, ದನಿಯ ಏರಿಳಿತ ಇವುಗಳಿಂದ ಸುದ್ದಿ ಮುಟ್ಟಿಸುವುದು ನಿಯಮಕ್ಕೆ ವಿರುದ್ಧ. ದೊಡ್ಡ ಪಂದ್ಯಗಳಲ್ಲಿ ಮೇಜಿನ ನಡುವೆ ಪರದೆಯನ್ನೇ ನಿಲ್ಲಿಸುತ್ತಾರೆ. ಜೊತೆಗಾರನ ಮುಖವೂ ಕಾಣುವುದಿಲ್ಲ. ಉಳಿಯುವುದು ಕೂಗೊಂದೇ. ಆ ಕೂಗಿನ ಅರ್ಥವಾದರೂ ಗುಟ್ಟಲ್ಲ. ಎದುರಾಳಿಗಳು ಕೇಳಿದರೆ ಅವರಿಗೂ ತಿಳಿಸಬೇಕು.

ಈಗ ಒಂದು ಉದಾಹರಣೆಯನ್ನು ನೋಡೋಣ. ನಿಮ್ಮ ಕೈಯಲ್ಲಿ ರಾಜ, ರಾಣಿ, ಗುಲಾಮ, ಹತ್ತು ಸೇರಿ ಏಳು ಹಾರ್ಟ್ಸ್ ಎಲೆಗಳಿವೆ. ಉಳಿದ ಆರು ಬರಿಯ ಸಣ್ಣ ಎಲೆಗಳು, ಅವುಗಳಲ್ಲಿ ಸ್ಪೇಡ್ ಒಂದೇ ಒಂದು. ನೀವು ಮೊದಲಿಗೇ ‘ಮೂರು ಹಾರ್ಟ್ಸ್’ ಎಂದು ಕೂಗುತ್ತೀರಿ. ಅದರ ಅರ್ಥ ಜೊತೆಗಾರನಿಗೆ ಗೊತ್ತು: ಉದ್ದನೆಯ ಹಾರ್ಟ್ಸ್ ಇದೆ, ಬೇರೆ ಬಲವಿಲ್ಲ. ಎಡಗಡೆಯ ಎದುರಾಳಿ ‘ಮೂರು ಸ್ಪೇಡ್’ ಎನ್ನುತ್ತಾನೆ. ನಿಮ್ಮ ಜೊತೆಗಾರ ‘ಡಬಲ್’ ಎನ್ನುತ್ತಾನೆ. ಎಂದರೆ, ಇವರು ಈ ಒಂಬತ್ತು ಟ್ರಿಕ್ಕು ಗೆಲ್ಲಲಾರರು, ದಂಡ ಇಮ್ಮಡಿಯಾಗಲಿ ಎಂದು. ನಿಮಗೆ ದಿಗಿಲಾಗುತ್ತದೆ. ನನ್ನಲ್ಲಿ ಇರುವುದು ಒಂದೇ ಸ್ಪೇಡ್, ಒಂದು ಎಕ್ಕವೂ ಇಲ್ಲ, ಇವರನ್ನು ಸೋಲಿಸುವುದು ಹೇಗೆ? ಹೀಗೆಂದು ‘ನಾಲ್ಕು ಹಾರ್ಟ್ಸ್’ಗೆ ಓಡುತ್ತೀರಿ.

ಜೊತೆಗಾರನ ಕೈಯಲ್ಲಿ ಏನಿತ್ತು? ಸ್ಪೇಡ್‌ನಲ್ಲಿ ರಾಣಿ, ಗುಲಾಮ, ಹತ್ತು, ಒಂಬತ್ತು, ಡೈಮಂಡ್‌ನಲ್ಲಿ ಎಕ್ಕ, ರಾಜ, ಕ್ಲಬ್ಸ್‌ನಲ್ಲಿ ಎಕ್ಕ. ಐದು ಟ್ರಿಕ್ಕುಗಳು ಬಹುಮಟ್ಟಿಗೆ ಅವನೊಬ್ಬನ ಕೈಯಲ್ಲಿಯೇ ಇದ್ದುವು. ಎದುರಾಳಿಗಳು ಸೋಲುವುದಕ್ಕೆ ಅಷ್ಟೇ ಸಾಕು. ನಿಮ್ಮ ನಾಲ್ಕು ಹಾರ್ಟ್ಸ್‌ಗಾದರೋ ಹತ್ತು ಟ್ರಿಕ್ಕು ಬೇಕು. ನಿಮ್ಮ ಆರು ತುರುಪು, ಅವನ ಮೂರು, ಒಟ್ಟು ಒಂಬತ್ತು. ಗೆಲ್ಲುವ ಕಡೆ ನಿಂತಿದ್ದ ಜೋಡಿಯನ್ನು ನೀವೇ ಸೋಲಿನ ಕಡೆಗೆ ದೂಡಿದಿರಿ. ನಿಮ್ಮ ಕೈ ದುರ್ಬಲವೆಂಬುದು ಅವನಿಗೆ ತಿಳಿದಿತ್ತು. ತಿಳಿದೇ ಡಬಲ್ ಎಂದ. ಅವನ ಕೈಯಲ್ಲಿ ಏನಿದೆಯೆಂಬುದು ಮಾತ್ರ ನಿಮಗೆ ತಿಳಿದಿರಲಿಲ್ಲ. ಯಾರ ಕೈ ಬಹಿರಂಗವಾಗಿದೆಯೋ ಅವನು ಸುಮ್ಮನಿರಬೇಕು. ಯಾರಿಗೆ ಎರಡೂ ಕೈಗಳ ಅಂದಾಜು ಸಿಕ್ಕಿದೆಯೋ ಅವನು ನಿರ್ಧರಿಸಬೇಕು. ಇದು ದೊಡ್ಡವನು, ಚಿಕ್ಕವನು, ಜಾಣ, ದಡ್ಡ ಎಂಬ ಪ್ರಶ್ನೆಯಲ್ಲ. ಯಾರಿಗೆ ಹೆಚ್ಚು ಗೊತ್ತು ಎಂಬ ಪ್ರಶ್ನೆ.

ನಂಬಿಕೆ ಮುರಿದರೆ ಏನಾಗುವುದೆಂಬುದಕ್ಕೆ ಈ ಆಟದ ಚರಿತ್ರೆಯಲ್ಲಿಯೇ ನಿದರ್ಶನವಿದೆ. 1931ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಈಲಿ ಕಲ್ಬರ್ಟ್‌ಸನ್ ಮತ್ತು ಸಿಡ್ನಿ ಲೆಂಜ್ ಎಂಬವರ ನಡುವೆ 150 ರಬ್ಬರುಗಳ ದೊಡ್ಡ ಪಂದ್ಯ ಆರಂಭವಾಯಿತು. ಯಾರ ಹರಾಜಿನ ಪದ್ಧತಿ ಮೇಲೆಂಬುದೇ ಅಲ್ಲಿ ವಿವಾದ. ಲೆಂಜ್‌ರ ಜೊತೆಗಾರ ಆಸ್ವಾಲ್ಡ್ ಜಾಕೋಬಿ ಎಂಬ ತರುಣ. ಮುಂದೆ ಜಗತ್ಪ್ರಸಿದ್ಧನಾದ ಆಟಗಾರ. ಆದರೆ ಇಬ್ಬರ ನಡುವೆ ಭಿನ್ನಾಭಿಪ್ರಾಯ ಬೆಳೆದು, ಹಿರಿಯರ ಟೀಕೆಯನ್ನು ಸಹಿಸಲಾರದೆ ಜಾಕೋಬಿ ಪಂದ್ಯದ ನಡುವೆಯೇ ಎದ್ದುಹೋದ. ಬೇರೊಬ್ಬರು ಬಂದು ಕುಳಿತರು. 1932ರ ಜನವರಿಯಲ್ಲಿ ಪಂದ್ಯ ಮುಗಿದಾಗ ಕಲ್ಬರ್ಟ್‌ಸನ್ ಪಕ್ಷ 8,980 ಅಂಕಗಳಿಂದ ಗೆದ್ದಿತ್ತು. ಸೋಲಿಗೆ ಎಲೆಗಳ ಅದೃಷ್ಟವೂ ಕಾರಣವಿರಬಹುದು. ಆದರೆ ಇಬ್ಬರು ಸಮರ್ಥರು ಸೇರಿದ ಮಾತ್ರಕ್ಕೆ ಸಮರ್ಥವಾದ ಜೋಡಿ ಆಗುವುದಿಲ್ಲ ಎಂಬ ಪಾಠ ಅಲ್ಲಿದೆ.

ಇದಕ್ಕೆ ಎದುರಾದ ಚಿತ್ರವೊಂದು ನಮ್ಮ ದೇಶದ್ದೇ ಇದೆ. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಡ್ಜ್ ಮೊದಲ ಬಾರಿಗೆ ಸೇರಿದಾಗ, ಪುರುಷರ ಜೋಡಿ ವಿಭಾಗದ ಚಿನ್ನವನ್ನು ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ತಂದರು. ಒಬ್ಬರಿಗೆ 60 ವರ್ಷ, ಇನ್ನೊಬ್ಬರಿಗೆ 56. ಓಟ, ಕುಸ್ತಿಗಳ ನಡುವೆ ಈ ಇಬ್ಬರು ಹಿರಿಯರನ್ನು ಕಂಡು ನಕ್ಕವರೂ ಇದ್ದಾರು. ಆದರೆ ಹಲವು ವರ್ಷ ಎದುರುಬದುರು ಕುಳಿತು ಬೆಳೆಸಿಕೊಂಡ ನಂಬಿಕೆ ಇಪ್ಪತ್ತರ ಹರೆಯದಲ್ಲಿ ದೊರೆಯುವ ವಸ್ತುವಲ್ಲ.

‘ಜೊತೆಗಾರ ತಪ್ಪುವುದು ಕಣ್ಣಿಗೆ ಕಾಣುತ್ತಿದ್ದರೂ ಅವನೊಡನೆ ನಾನೂ ಮುಳುಗಬೇಕೆ?’ ಎಂದು ಮಿತ್ರರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಿಮ್ಮ ಕೈಯಲ್ಲಿ ನೀವು ಇದುವರೆಗೆ ಹೇಳದ ವಿಶೇಷವೇನಾದರೂ ಇದ್ದರೆ, ಅವಶ್ಯವಾಗಿ ಬಾಯಿ ತೆರೆಯಿರಿ. ಅದು ಅವನನ್ನು ಅಪನಂಬುವುದಲ್ಲ, ಅವನಿಗೆ ಹೊಸ ಸುದ್ದಿ ಕೊಡುವುದು. ಹೇಳಿದ್ದನ್ನೇ ದಿಗಿಲಿನಿಂದ ಎರಡನೆಯ ಸಲ ಹೇಳುವುದು ಮಾತ್ರ ಬೇಡ. ಅವನೂ ಒಮ್ಮೊಮ್ಮೆ ತಪ್ಪುತ್ತಾನೆ, ನಿಜ. ಹತ್ತು ಸಲದಲ್ಲಿ ಎರಡು ಸಲ ತಪ್ಪುವವನನ್ನು ಪ್ರತಿ ಸಲವೂ ತಡೆದರೆ, ಸರಿಯಾದ ಎಂಟನ್ನೂ ಕಳೆದುಕೊಂಡಂತಾಯಿತು. ಅದಕ್ಕಿಂತ ಹೆಚ್ಚಿನ ನಷ್ಟವೊಂದಿದೆ: ತನ್ನ ಮಾತಿಗೆ ಬೆಲೆಯಿಲ್ಲವೆಂದು ಕಂಡ ಜೊತೆಗಾರ ಮುಂದೆ ನಿಜ ಹೇಳುವುದನ್ನೇ ಬಿಡುತ್ತಾನೆ.

ನಮ್ಮಂಥವರಿಗೆ ಈ ಪಾಠ ಕಷ್ಟವಾದದ್ದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅರ್ಜಿ ತುಂಬುವುದರಿಂದ ಹಿಡಿದು ವಿಷಯ ಆರಿಸುವವರೆಗೆ ಎಲ್ಲವನ್ನೂ ಒಬ್ಬನೇ ನಿರ್ಧರಿಸಿ ಬಂದವನಿಗೆ, ತನ್ನ ಹದಿಮೂರು ಎಲೆಗಳೇ ಇಡೀ ಕಟ್ಟು ಎನಿಸತೊಡಗುತ್ತದೆ. ಈ ಹುದ್ರಿಯಲ್ಲಿ ಹಲವರು ನನ್ನ ಹಾಗೆಯೇ ಇದ್ದಾರೆಂದು ಬಲ್ಲೆ. ಆದರೆ ನಿಜವಾಗಿ ನಾವು ಒಬ್ಬರೇ ನಿರ್ಧರಿಸಿದೆವೆ? ನಾನು ಬಿ.ಎ. ತರಗತಿಗೆ ಸೇರುವ ವರ್ಷ ನಮ್ಮ ತಂದೆಯವರು ಮನೆಯ ಸಾಲವೆಷ್ಟು, ತಿಂಗಳಿಗೆ ಎಷ್ಟು ಕಳುಹಿಸಬಲ್ಲೆ, ಎಷ್ಟು ವರ್ಷ ಕಾಯಬಲ್ಲೆ ಎಂಬುದನ್ನು ಒಂದೂ ಬಿಡದೆ ಹೇಳಿದರು. ಕಡೆಗೆ, “ನನ್ನ ಕೈಲಿರೋದು ಇಷ್ಟಪ್ಪ. ಓದಿನ ವಿಚಾರ ನಿನಗೆ ಗೊತ್ತು, ನೋಡಿಕೊಂಡು ಮಾಡು” ಎಂದರು. ಆಮೇಲೆ ಈ ಮೂರು ವರ್ಷಗಳಲ್ಲಿ ಒಂದು ದಿನವೂ ಆ ಮಾತನ್ನು ತಿರುಗಿ ಎತ್ತಿಲ್ಲ. ಅವರಿಗೆ ಬ್ರಿಡ್ಜ್ ತಿಳಿಯದು, ಇಸ್ಪೀಟಿನ ಎಲೆಯನ್ನು ಮುಟ್ಟಿದವರೂ ಅಲ್ಲ. ಆದರೂ ಹರಾಜಿನ ಧರ್ಮವನ್ನು ಅವರಷ್ಟು ಚೊಕ್ಕವಾಗಿ ಪಾಲಿಸಿದವರನ್ನು ನಾನು ಕಂಡಿಲ್ಲ.

ಪರೀಕ್ಷೆ ಮುಗಿದ ಮೇಲೆ ಮುಂದೆ ಓದುವುದೋ, ಕೆಲಸ ಹುಡುಕುವುದೋ ಎಂಬ ಪ್ರಶ್ನೆ ನಮ್ಮಲ್ಲಿ ಬಹುಮಂದಿಯ ಮುಂದಿದೆ. ಈಗ ಕೂಗುವ ಸರದಿ ನಮ್ಮದು. ಅಂಕಗಳೆಷ್ಟು, ಆಸೆಯೇನು, ಭಯವೇನು ಎಂಬುದನ್ನು ಹೆಚ್ಚಿಸದೆ, ಮುಚ್ಚಿಡದೆ ಮನೆಯವರಿಗೆ ತಿಳಿಸೋಣ. ಕಾಲೇಜಿನ ಸಂಗತಿ ನಮಗೆ ಗೊತ್ತಿರಬಹುದು. ಮನೆಯಲ್ಲಿ ಈ ವರ್ಷ ಒಲೆ ಹೇಗೆ ಉರಿಯುತ್ತಿದೆಯೆಂಬುದು ಅವರಿಗೇ ಗೊತ್ತು. ಎರಡನ್ನೂ ಬಲ್ಲವರು ಹೇಳಿದ ಮಾತು ನಮ್ಮ ಆಸೆಗೆ ವಿರುದ್ಧವಾಗಿದ್ದರೂ, ಅದನ್ನು ನಂಬಿ ನಡೆಯುವ ಧೈರ್ಯ ನಮಗಿರಬೇಕು.